ಮುದಿನಾಯಿಗೊಂದು ಜಗಲಿ

'777 ಚಾರ್ಲಿ' 2022ರ ಜೂನ್‌ನಲ್ಲಿ ತೆರೆಕಂಡಾಗ ಕಣ್ಣೊರೆಸಿಕೊಳ್ಳುತ್ತ ಹೊರಬಂದವರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೂ ಇದ್ದರು. ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶಿಸಿದ ಆ ಕಥೆಯಲ್ಲಿ ಒಂಟಿ ಮನುಷ್ಯನೊಬ್ಬನ ಬದುಕಿಗೆ ಕರೆಯದೇ ಬಂದ ಲ್ಯಾಬ್ರಡಾರ್ ನಾಯಿ ಮೊದಲು ಅವನಿಗೆ ಕಾಟವಾಗುತ್ತದೆ, ಆಮೇಲೆ ಜೀವವಾಗುತ್ತದೆ. ಅದಕ್ಕೆ ರಕ್ತನಾಳಗಳ ಕ್ಯಾನ್ಸರ್ ಇದೆ ಎಂದು ತಿಳಿಯುವುದು ಅಷ್ಟೆಲ್ಲ ಆದ ಮೇಲೆ. ಅಂದರೆ ಪ್ರೀತಿ ಮೊದಲು, ಡಾಕ್ಟರ ರಿಪೋರ್ಟು ಆಮೇಲೆ. ನಾಯಿಗಳ ಆಶ್ರಯತಾಣದಲ್ಲಿ ಇದು ತಿರುಗಾಮುರುಗಾ. ಅಲ್ಲಿ ನಾಯಿಯ ಹೆಸರಿನ ಬೆನ್ನಿಗೇ ರಿಪೋರ್ಟು ಬರುತ್ತದೆ. 'ಹತ್ತು ವರ್ಷ, ಕಿಡ್ನಿ ಸ್ವಲ್ಪ ವೀಕು, ಹಿಂಗಾಲು ನೋವು' ಎಂದು ಕೇಳಿಸಿಕೊಂಡವರು ಪಕ್ಕದ ಗೂಡಿನ ಮರಿಯ ಕಡೆ ಹೊರಳುತ್ತಾರೆ. ಮುದಿನಾಯಿಗೆ ಮನೆ ಸಿಗದಿರುವುದಕ್ಕೆ ಅದರ ರೋಗಕ್ಕಿಂತ ಈ ಅದಲುಬದಲೇ ದೊಡ್ಡ ಕಾರಣ ಎಂಬುದು ನನ್ನ ಅನುಮಾನ.

ಅಂಥ ನಾಯಿಗಳು ಆಶ್ರಯತಾಣದಲ್ಲಿ ಏಕಿರುತ್ತವೆ? ನಮ್ಮ ದೇಶದಲ್ಲಿ ಬೀದಿನಾಯಿಯನ್ನು ಹಿಡಿದು ಶಾಶ್ವತವಾಗಿ ಕೂಡಿಹಾಕುವ ಪದ್ಧತಿ ಇರಲಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸಂತಾನಹರಣ ಚಿಕಿತ್ಸೆ, ರೇಬೀಸ್ ಲಸಿಕೆ ಆದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು. ಹಾಗೆ ಬಿಡಲಾಗದವು ಉಳಿಯುತ್ತವೆ: ಲಾರಿಗೆ ಸಿಕ್ಕಿ ಕಾಲು ಕಳೆದುಕೊಂಡವು, ಕುರುಡಾದವು, ಯಜಮಾನರು ಮನೆ ಬದಲಿಸುವಾಗ ಬಿಟ್ಟುಹೋದ ಜಾತಿನಾಯಿಗಳು. ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ 'ಕ್ಯೂಪಾ'ದಂಥ ಸಂಸ್ಥೆಗಳು ಇಂಥವನ್ನೇ ಸಾಕುತ್ತ ಬಂದಿವೆ. ಈಗ ಲೆಕ್ಕ ಬದಲಾಗುತ್ತಿದೆ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್‌ಸ್ಟ್ಯಾಂಡ್, ರೈಲ್ವೆ ನಿಲ್ದಾಣಗಳ ಆವರಣದ ನಾಯಿಗಳನ್ನು ಆಶ್ರಯತಾಣಕ್ಕೆ ಸಾಗಿಸಬೇಕು, ಮತ್ತೆ ಅಲ್ಲಿಗೇ ಬಿಡಕೂಡದು ಎಂದು ಆದೇಶಿಸಿತು. ಹೀಗೆ ಒಳಗೆ ಹೋದ ನಾಯಿ ಒಳಗೇ ಮುದಿಯಾಗಬೇಕು.

ಇನ್ನೊಂದು ತುದಿಯಲ್ಲಿ ಸೊರಬ ತಾಲೂಕಿನ ಉಳವಿಯಂಥ ಊರನ್ನು ಇಟ್ಟು ನೋಡಿ. (ಚನ್ನಬಸವಣ್ಣನ ಉಳವಿ ಅಲ್ಲ, ಅದು ಜೋಯಿಡಾ ಕಡೆಯದು, ಇದು ಹೋಬಳಿ ಊರು.) ಸುತ್ತ ಅಡಿಕೆ ತೋಟ, ಗದ್ದೆ, ಕಾಡಂಚು. ಮಕ್ಕಳು ಬೆಂಗಳೂರು ಸೇರಿ ಗಂಡ ಹೆಂಡತಿ ಇಬ್ಬರೇ ಉಳಿದ ಮನೆಗಳು ಈ ಸೀಮೆಯಲ್ಲಿ ಕಡಿಮೆಯೇನಿಲ್ಲ. ಅವರನ್ನು ಕೇಳಿದರೆ, 'ಮರಿ ಬೇಡ ಮಾರಾಯ್ರೆ, ಅದರ ಹಿಂದೆ ಓಡೋಕೆ ನಮ್ಮ ಕೈಲಿ ಆಗಲ್ಲ' ಎನ್ನುತ್ತಾರೆ. ಸರಿಯಾದ ಮಾತು. ಮರಿ ಚಪ್ಪಲಿ ಕಚ್ಚುತ್ತದೆ, ರಾತ್ರಿಯಿಡೀ ಕುಂಯ್‌ಗುಡುತ್ತದೆ, ಮುಂದೆ ಎಷ್ಟು ದೊಡ್ಡದಾಗುತ್ತದೋ ಯಾವ ಕಾಯಿಲೆ ತರುತ್ತದೋ ಯಾರಿಗೂ ಗೊತ್ತಿಲ್ಲ. ಹತ್ತು ವರ್ಷದ ನಾಯಿಯ ಸ್ವಭಾವ, ಗಾತ್ರ, ರೋಗ ಎಲ್ಲ ಬರೆದಿಟ್ಟಿರುತ್ತದೆ. ದಿನದ ಬಹುಪಾಲು ಮಲಗಿರುವ, ಬೆಳಿಗ್ಗೆ ಸಂಜೆ ತೋಟದ ದಾರಿಯಲ್ಲಿ ನಿಧಾನ ನಡೆಯುವ ನಾಯಿಗೂ ಹಗಲೆಲ್ಲ ಮನೆಯಲ್ಲೇ ಇರುವ ಯಜಮಾನರಿಗೂ ಜೋಡಿ ಚೆನ್ನಾಗಿಯೇ ಕೂಡುತ್ತದೆ. ಕೂಡುತ್ತದೆ ಎಂದಮಾತ್ರಕ್ಕೆ ಕಾರು ಹತ್ತಿಸಿ ಕಳಿಸುವಂತಿಲ್ಲ. ಕೆಲವು ಲೆಕ್ಕ ಹಾಕಬೇಕು.

ಮೊದಲನೆಯದು ವಯಸ್ಸಿನ ಲೆಕ್ಕ. ನಾಯಿಯ ಒಂದು ವರ್ಷ ನಮ್ಮ ಏಳು ವರ್ಷಕ್ಕೆ ಸಮ ಎನ್ನುವುದು ಎಲ್ಲರ ಬಾಯಲ್ಲೂ ಇರುವ ತಪ್ಪು. 2020ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟ್ರೇ ಐಡೆಕರ್ ತಂಡ, ವಯಸ್ಸಾದಂತೆ ಡಿಎನ್‌ಎಗೆ ಅಂಟುವ ಮೀಥೈಲ್ ಗುರುತುಗಳನ್ನು 104 ಲ್ಯಾಬ್ರಡಾರ್‌ಗಳಲ್ಲಿ ನೋಡಿ ಮನುಷ್ಯರ ಗುರುತುಗಳ ಜೊತೆ ತಾಳೆಹಾಕಿತು. ವರ್ಷ ತುಂಬಿದ ನಾಯಿ ಆಗಲೇ ನಮ್ಮ 31ರಲ್ಲಿದೆ, ನಾಲ್ಕಕ್ಕೆ 53, ಏಳಕ್ಕೆ 62. ಅಲ್ಲಿಂದಾಚೆ ಗಡಿಯಾರ ನಿಧಾನ. 13 ವರ್ಷದ ನಾಯಿ ಹಳೆಯ ಲೆಕ್ಕದಲ್ಲಿ 91ರ ಮುದುಕ, ಹೊಸ ಲೆಕ್ಕದಲ್ಲಿ 72. ಗಾತ್ರವನ್ನೂ ಮರೆಯಬಾರದು. 74 ತಳಿಗಳ ದಾಖಲೆ ಜಾಲಾಡಿದ 2013ರ ಒಂದು ಅಧ್ಯಯನದಂತೆ ದೇಹದ ತೂಕದಲ್ಲಿ ಪ್ರತಿ ಎರಡು ಕಿಲೋ ಹೆಚ್ಚಳಕ್ಕೆ ಆಯುಸ್ಸಿನಲ್ಲಿ ಸುಮಾರು ಒಂದು ತಿಂಗಳು ಕಡಿಮೆ. ಹಾಗಾಗಿ ಹತ್ತು ವರ್ಷದ ಊರುನಾಯಿಯೂ ಹತ್ತು ವರ್ಷದ ಗ್ರೇಟ್ ಡೇನ್ ನಾಯಿಯೂ ಒಂದೇ ವಯಸ್ಸಿನವಲ್ಲ.

ಅದರಲ್ಲೂ ಬೀದಿಯಿಂದ ಬಂದು ಮುದಿಯಾದ ನಾಯಿ ಎಂದರೆ ನನಗೆ ವಿಶೇಷ ಗೌರವ. ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರ ಮತ್ತು ಸಂಗಡಿಗರು ಪಶ್ಚಿಮ ಬಂಗಾಳದ ಬೀದಿನಾಯಿಗಳ 95 ಸೂಲುಗಳ 364 ಮರಿಗಳನ್ನು ಹಿಂಬಾಲಿಸಿದಾಗ ಏಳು ತಿಂಗಳು ದಾಟಿದ್ದು ಶೇ 19 ಮಾತ್ರ. ಐದರಲ್ಲಿ ನಾಲ್ಕು ಬೆಳೆಯುವ ಮೊದಲೇ ಹೋಗುತ್ತವೆ. ಹತ್ತು ವರ್ಷ ಬದುಕಿದ ಬೀದಿನಾಯಿ ವಾಹನ, ವಿಷ, ಪಾರ್ವೊ ವೈರಸ್, ಹಸಿವು ಎಲ್ಲವನ್ನೂ ಗೆದ್ದ ಗಟ್ಟಿ ಪಿಂಡ.

ಎರಡನೆಯದು ರೋಗದ ಲೆಕ್ಕ. 'ಕಿಡ್ನಿ ವೀಕು' ಎಂಬ ಮಾತಿಗೆ ಬೆದರುವ ಬದಲು ಯಾವ ಹಂತ ಎಂದು ಕೇಳಬೇಕು. ನಾಯಿಯ ಕಿಡ್ನಿ ರೋಗವನ್ನು ವೈದ್ಯರು ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. ಕಿಡ್ನಿಯೊಳಗಿನ ಸೋಸುವ ಘಟಕಗಳು ಒಂದೊಂದಾಗಿ ಸಾಯುತ್ತ ಹೋದರೂ ಉಳಿದವು ಹೊರೆ ಹೊರುತ್ತವೆ. ನೂರು ಆಳಿನ ನಾಟಿಯನ್ನು ಇಪ್ಪತ್ತೈದು ಆಳು ತುಟಿ ಬಿಚ್ಚದೆ ಮುಗಿಸಿದ ಹಾಗೆ. ರಕ್ತದಲ್ಲಿ ಕ್ರಿಯಾಟಿನಿನ್ ಏರುವುದು ಸುಮಾರು ಮುಕ್ಕಾಲು ಪಾಲು ಶಕ್ತಿ ಹೋದ ಮೇಲೆ. ಎಸ್‌ಡಿಎಂಎ ಎಂಬ ಇನ್ನೊಂದು ಪರೀಕ್ಷೆ ಸರಾಸರಿ ಶೇ 40 ಹೋದಾಗಲೇ ಸುಳಿವು ಕೊಡುತ್ತದೆ. ಎರಡನೇ ಹಂತದಲ್ಲಿ ಸಿಕ್ಕಿದ ನಾಯಿ ರಂಜಕ ಕಡಿಮೆಯಿರುವ ಆಹಾರ, ಸದಾ ತುಂಬಿರುವ ನೀರಿನ ಬಟ್ಟಲು, ಆಗಾಗ ರಕ್ತಪರೀಕ್ಷೆ ಇಷ್ಟರಲ್ಲೇ ವರ್ಷಗಟ್ಟಲೆ ನೆಮ್ಮದಿಯಾಗಿ ಇರಬಹುದು. ನಾಲ್ಕನೆಯ ಹಂತದ್ದಾದರೆ ಪ್ರಯೋಗಾಲಯ ದೂರವಿರುವ ಉಳವಿಗೆ ಕಳಿಸುವುದು ನ್ಯಾಯವಲ್ಲ. ಹತ್ತಿರದ ಪಶು ಆಸ್ಪತ್ರೆ ಮುಖ್ಯವಾಗಿ ದನಕರುಗಳದ್ದು. ಸ್ಕ್ಯಾನು ಗೀನು ಬೇಕೆಂದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ತನಕ ಹೋಗಬೇಕಾದೀತು.

ಹೃದಯದ ಮಾತೂ ಹೀಗೆಯೇ. ಸಣ್ಣ ತಳಿಗಳಲ್ಲಿ ವಯಸ್ಸಾದಂತೆ ಹೃದಯದ ಮೈಟ್ರಲ್ ಕವಾಟ ದಪ್ಪಗಾಗಿ ಸೋರುತ್ತದೆ. ಹೃದಯ ಹಿಗ್ಗಿದ್ದರೂ ಇನ್ನೂ ಉಬ್ಬಸ ಶುರುವಾಗದ 360 ನಾಯಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪಿಮೊಬೆಂಡಾನ್ ಮಾತ್ರೆ ಹೃದಯ ಸೋಲುವುದನ್ನು ಸುಮಾರು 15 ತಿಂಗಳು ಮುಂದೂಡಿತು. ನಾಯಿಯ ಆಯುಸ್ಸಿನಲ್ಲಿ ಅದೇನು ಕಡಿಮೆಯಲ್ಲ. ಮನೆಯವರು ಮಾಡಬೇಕಾದ್ದು ಎರಡು ಹೊತ್ತು ಮಾತ್ರೆ ಕೊಡುವುದು, ನಾಯಿ ಗಾಢ ನಿದ್ದೆಯಲ್ಲಿರುವಾಗ ಅದರ ಎದೆ ನಿಮಿಷಕ್ಕೆ ಎಷ್ಟು ಸಲ ಏರಿಳಿಯುತ್ತದೆ ಎಂದು ಎಣಿಸುವುದು. ಮೂವತ್ತರೊಳಗಿದ್ದರೆ ನಿಶ್ಚಿಂತೆ. ದಿನದಿನಕ್ಕೆ ಏರುತ್ತ ಮೂವತ್ತು ದಾಟಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು, ಡಾಕ್ಟರಿಗೆ ಫೋನು ಮಾಡಬೇಕು. ಸ್ಟೆತಸ್ಕೋಪು ಬೇಡ, ಗೋಡೆ ಗಡಿಯಾರ ಸಾಕು.

ಕಣ್ಣಿನ ವಿಷಯದಲ್ಲಿ ಜನ ಸುಮ್ಮನೆ ಹೆದರುತ್ತಾರೆ. ಏಳೆಂಟು ವರ್ಷ ದಾಟಿದ ನಾಯಿಯ ಕಣ್ಣಲ್ಲಿ ನೀಲಿಯಾಗಿ ಮಬ್ಬು ಕಂಡರೆ 'ಪೊರೆ ಬಂದಿದೆ, ಕುರುಡು' ಎಂದುಬಿಡುತ್ತಾರೆ. ಬಹಳ ಸಲ ಅದು ಪೊರೆಯಲ್ಲ. ಕಣ್ಣಿನ ಮಸೂರದ ಒಳತಿರುಳು ವಯಸ್ಸಿನಿಂದ ಗಟ್ಟಿಯಾಗಿ ಬೆಳಕನ್ನು ಚದರಿಸುತ್ತದೆ, ನೋಟ ಬಹುಮಟ್ಟಿಗೆ ಉಳಿದಿರುತ್ತದೆ. ಒಂದು ಉಂಡೆ ಹತ್ತಿಯನ್ನು ನಾಯಿಯ ಮುಂದೆ ಎತ್ತರದಿಂದ ಬಿಡಿ. ಹತ್ತಿಗೆ ಸದ್ದಿಲ್ಲ, ವಾಸನೆ ಇಲ್ಲ, ಬೀಳುವಾಗ ಗಾಳಿಯೂ ಏಳುವುದಿಲ್ಲ. ಅದರ ಹಿಂದೆ ನಾಯಿಯ ಕಣ್ಣು ಇಳಿದು ಬಂದರೆ ಅದಕ್ಕೆ ಕಾಣುತ್ತಿದೆ. ನಿಜವಾದ ಪೊರೆ ಬೆಳ್ಳಗೆ ಸುಣ್ಣದಂತಿರುತ್ತದೆ. ಸಂಶಯವಿದ್ದರೆ ಡಾಕ್ಟರು ನೋಡಲಿ.

ಕೀಲುನೋವಿನ ನಾಯಿಗೆ ಮಲೆನಾಡಿನ ಮನೆಯಲ್ಲಿ ಶತ್ರು ಎಂದರೆ ತಿಕ್ಕಿ ತಿಕ್ಕಿ ಕನ್ನಡಿಯಾದ ಕೆಂಪು ಸಿಮೆಂಟಿನ ನೆಲ. ಹಿಂಗಾಲು ಜಾರಿ ಒಮ್ಮೆ ಬಿದ್ದ ನಾಯಿ ಆಮೇಲೆ ಏಳುವುದಕ್ಕೇ ಅಂಜುತ್ತದೆ. ಮಲಗುವ ಜಾಗದಿಂದ ಬಾಗಿಲವರೆಗೆ ಗೋಣಿಚೀಲ ಹಾಸಿದರೆ ಅರ್ಧ ಸಮಸ್ಯೆ ಮುಗಿಯಿತು. ಇನ್ನರ್ಧ ತೂಕದ್ದು. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ನೋಡಿದ ಅಮೆರಿಕದ ಪ್ರಸಿದ್ಧ ಅಧ್ಯಯನದಲ್ಲಿ ಕಾಲುಭಾಗ ಕಡಿಮೆ ಉಂಡವು ಮಧ್ಯಾಂಕದ ಲೆಕ್ಕದಲ್ಲಿ 13 ವರ್ಷ ಬದುಕಿದರೆ ಹೊಟ್ಟೆ ತುಂಬ ಉಂಡವು 11.2 ವರ್ಷ, ಕೀಲುಬಾಧೆಯೂ ತೆಳ್ಳಗಿನವಕ್ಕೆ ತಡವಾಗಿ ಬಂತು. ಇದನ್ನು ನಮ್ಮ ಕಡೆಯ ಮನೆಗಳಲ್ಲಿ ಒಪ್ಪಿಸುವುದು ಕಷ್ಟ. 'ಪಾಪ, ಆಶ್ರಮದಿಂದ ಬಂದಿದೆ' ಎಂದು ಇನ್ನೊಂದು ದೋಸೆ ಬಿದ್ದೇ ಬೀಳುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಮನೆಯ ಔಷಧಿ ಡಬ್ಬಿಯಲ್ಲಿದೆ. ಅಜ್ಜನ ಮಂಡಿನೋವಿಗೆ ತಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಯನ್ನು ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಯಕೃತ್ತಿಗೂ ಕೆಂಪು ರಕ್ತಕಣಕ್ಕೂ ವಿಷವಾಗಬಲ್ಲದು. ನಾಯಿಗೆ ಕೊಡಬಹುದಾದ ನೋವಿನ ಮಾತ್ರೆಗಳು ಬೇರೆ, ಅಳತೆ ಬೇರೆ. ಅದು ಡಾಕ್ಟರ ಕೆಲಸ.

ಇನ್ನು ಉಣುಗು. ಸೊರಬದವರಿಗೆ ಉಣುಗಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. 1957ರಲ್ಲಿ ಇದೇ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಮಂಗನ ಕಾಯಿಲೆಯ ವೈರಸ್ ಹಿಡಿದರು. ಕ್ಯಾಸನೂರಿನ ಹೆಸರು ಲೋಕದ ವೈದ್ಯಗ್ರಂಥಗಳಿಗೆ ಸೇರಿತು. ಆದರೆ ನಾಯಿಗಳಲ್ಲಿ ಸಾಮಾನ್ಯವಾಗಿ ಕಾಣುವ 'ಟಿಕ್ ಫೀವರ್' ಮಂಗನ ಕಾಯಿಲೆ ಅಲ್ಲ. ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಕಾಡಿನ ಹೀಮಾಫೈಸಾಲಿಸ್ ಉಣುಗು. ಟಿಕ್ ಫೀವರ್ ತರುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ಬರುವುದು ಕಂದು ನಾಯಿ ಉಣುಗಿನಿಂದ. ಅದು ಕಾಡಿಗಿಂತ ಹೆಚ್ಚಾಗಿ ಗೋಡೆಯ ಬಿರುಕಲ್ಲಿ, ನಾಯಿ ಮಲಗುವ ಮೂಲೆಯಲ್ಲಿ ಸಂಸಾರ ಹೂಡಿ ಸಾವಿರಾರು ಮೊಟ್ಟೆ ಇಡುತ್ತದೆ. ಎರ್ಲಿಕಿಯಾ ಬಿಳಿ ರಕ್ತಕಣಗಳೊಳಗೆ ಹೊಕ್ಕು, ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು ಕುಸಿಯುವಂತೆ ಮಾಡುತ್ತದೆ. ಹಳೆಯ ಸೋಂಕು ತಿಂಗಳು, ವರ್ಷಗಟ್ಟಲೆ ಅಡಗಿದ್ದು ಒಂದು ದಿನ ಮೂಗಿನಲ್ಲಿ ರಕ್ತ ಸೋರಿದಾಗಷ್ಟೇ ತಿಳಿಯಬಹುದು. ಆಶ್ರಯತಾಣದಿಂದ ಹೊರಡುವ ಮುನ್ನ ಇದರ ಪರೀಕ್ಷೆ ಆಗಿರಬೇಕು. ಸೋಂಕಿದ್ದರೆ ಡಾಕ್ಸಿಸೈಕ್ಲಿನ್ ಕೋರ್ಸು ಸುಮಾರು ನಾಲ್ಕು ವಾರ. ಉಳವಿಗೆ ಬಂದ ಮೇಲೆ ಉಣುಗಿನ ಔಷಧಿ ವರ್ಷವಿಡೀ ತಪ್ಪಬಾರದು, ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲದಲ್ಲಿ ನಾಯಿಯನ್ನು ಕಾಡಿನೊಳಕ್ಕೆ ಕರೆದೊಯ್ಯಬಾರದು. ಕಿವಿಯ ಮಡಿಕೆ, ಬೆರಳ ಸಂದು, ಬಾಲದ ಬುಡ ಈ ಮೂರು ಜಾಗ ಸಂಜೆ ಕೈಯಾಡಿಸಿ ನೋಡಬೇಕು.

ರಾತ್ರಿ ನಾಯಿಯನ್ನು ಹೊರಗೆ ಮಲಗಿಸುವ ರೂಢಿ ಮಾತ್ರ ಬಿಡಲೇಬೇಕು. ಚಿರತೆಗೆ ಊರ ನಾಯಿ ಸುಲಭದ ಊಟ. ಕಿವಿ ಮಂದವಾದ ನಾಯಿಗೆ ಅದು ಬಂದದ್ದೂ ತಿಳಿಯುವುದಿಲ್ಲ.

'ವಯಸ್ಸಾದ ನಾಯಿ ಹೊಸಬರಿಗೆ ಹೊಂದಿಕೊಳ್ಳುತ್ತದೆಯೇ?' ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಹಂಗೆರಿಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಶ್ರಯತಾಣದ ಬೆಳೆದ ನಾಯಿಗಳ ಜೊತೆ ಅಪರಿಚಿತರೊಬ್ಬರು ಹತ್ತು ಹತ್ತು ನಿಮಿಷದಂತೆ ಮೂರೇ ಸಲ ಕಾಲ ಕಳೆದರು. ಅಷ್ಟಕ್ಕೇ ಆ ನಾಯಿಗಳು ಅವರನ್ನು ಯಜಮಾನರಂತೆ ಕಾಣತೊಡಗಿದವು: ಬಾಗಿಲಾಚೆ ಹೋದರೆ ಹುಡುಕುವುದು, ಬಂದರೆ ಎದುರು ಓಡುವುದು. ಎಚ್ಚರ ಬೇಕಿರುವುದು ಮರೆವಿನ ಕಾಯಿಲೆಯ ನಾಯಿಗಳಲ್ಲಿ. ಒಂದು ಅಮೆರಿಕನ್ ಅಧ್ಯಯನದಲ್ಲಿ 11–12 ವರ್ಷದವುಗಳಲ್ಲಿ ಶೇ 28, 15–16ರವುಗಳಲ್ಲಿ ಶೇ 68 ನಾಯಿಗಳಿಗೆ ಮಂಕಿನ ಒಂದಾದರೂ ಲಕ್ಷಣವಿತ್ತು: ಮೂಲೆಗೆ ಮುಖಮಾಡಿ ನಿಲ್ಲುವುದು, ಹಗಲು ನಿದ್ದೆ ರಾತ್ರಿ ತಿರುಗಾಟ, ಮನೆಯೊಳಗೇ ಉಚ್ಚೆ. ಅಂಥದ್ದಕ್ಕೆ ಜಾಗ ಬದಲಾದರೆ ಗೊಂದಲ ಹೆಚ್ಚುತ್ತದೆ.

ಹೀಗಾಗಿ ನೇರ ದತ್ತು ಕೊಡುವುದಕ್ಕಿಂತ ಮೊದಲು ಕೆಲ ದಿನ ಇಟ್ಟುಕೊಳ್ಳಲು ಕೊಡುವುದು ಜಾಣತನ. ಆಶ್ರಯತಾಣದವರು 'ಫಾಸ್ಟರ್ ಮಾಡೋದು' ಎನ್ನುವುದು ಇದನ್ನೇ. ಅಮೆರಿಕದ ಐದು ಆಶ್ರಯತಾಣಗಳ 207 ನಾಯಿಗಳನ್ನು ಒಂದೆರಡು ರಾತ್ರಿ ಯಾರದೋ ಮನೆಗೆ ಕಳಿಸಿ ನೋಡಿದಾಗ ಮೂತ್ರದಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿದಿತ್ತು. ಮರಳಿದ ಮೇಲೆ ಹಿಂದಿದ್ದ ಮಟ್ಟಕ್ಕೆ ಬಂತೇ ಹೊರತು ಮೀರಲಿಲ್ಲ. ಹೋಗಿ ಬಂದರೆ ನಾಯಿಗೆ ಇನ್ನೂ ಹಿಂಸೆ ಎಂಬ ಭಯಕ್ಕೆ ಆಧಾರ ಸಿಗಲಿಲ್ಲ. ಅದೇ ತಂಡ 2023ರಲ್ಲಿ 51 ಆಶ್ರಯತಾಣಗಳ ಲೆಕ್ಕ ಕೊಟ್ಟಿತು: ಹೀಗೆ ಮನೆಗಳಲ್ಲಿ ತಂಗಿ ಬಂದ ನಾಯಿಗಳಿಗೆ ದತ್ತು ಸಿಗುವ ಸಂಭವ ಉಳಿದವಕ್ಕಿಂತ ಸುಮಾರು 14 ಪಟ್ಟು ಹೆಚ್ಚು. ಇದು ಎಲ್ಲ ವಯಸ್ಸಿನ ನಾಯಿಗಳ ಅಂಕಿ, ಅಮೆರಿಕದ್ದು; ನಮ್ಮಲ್ಲಿ ಅಷ್ಟೇ ಆಗುತ್ತದೆಂದು ನಾನು ಹೇಳಲಾರೆ. ಆದರೆ ಕಾರಣ ಊಹಿಸಬಹುದು. ನಾಯಿ ಗೂಡಿನಿಂದ ಯಾರದೋ ಪಡಸಾಲೆಗೆ ಬಂದ ಕೂಡಲೇ ರೋಗಪಟ್ಟಿ ಹಿಂದೆ ಸರಿದು ನಾಯಿ ಮುಂದೆ ಬರುತ್ತದೆ. ಪಟ್ಟಿಯನ್ನು ಮುಚ್ಚಿಡಬೇಕೆಂದಲ್ಲ, ಮುಚ್ಚಿಟ್ಟು ಕೊಟ್ಟ ನಾಯಿ ಮೊದಲ ಬಿಲ್ಲಿಗೇ ವಾಪಸು ಬರುತ್ತದೆ.

ಕಾಗದದ ಮೇಲೆ ಬರೆದುಕೊಳ್ಳಬೇಕಾದ್ದೂ ಇದೆ. ಮಾತ್ರೆಯ ಖರ್ಚು ಯಾರದು, ಯಾವ ಡಾಕ್ಟರಿಗೆ ಫೋನು ಮಾಡಬೇಕು, ಯಜಮಾನರೇ ಆಸ್ಪತ್ರೆ ಸೇರಿದರೆ ನಾಯಿ ಎಲ್ಲಿಗೆ ಹೋಗಬೇಕು. ವಯಸ್ಸಾದ ದಂಪತಿಯ ಮನೆಯಲ್ಲಿ ಈ ಕೊನೆಯ ಪ್ರಶ್ನೆ ಕೇಳಲು ಸಂಕೋಚ ಪಡಬಾರದು. ಕೊನೆಗಾಲದ ಮಾತನ್ನೂ ಮೊದಲೇ ಆಡಿಟ್ಟುಕೊಳ್ಳುವುದು ಒಳ್ಳೆಯದು. ಊಟ ಬಿಟ್ಟು, ತಾನಾಗಿ ಏಳಲಾರದೆ, ನೋವಿನ ದಿನಗಳೇ ಹೆಚ್ಚಾದಾಗ ವಾಸಿಯಾಗದ ನರಳಾಟವನ್ನು ಅರಿವಳಿಕೆಯ ನಿದ್ದೆಯಲ್ಲೇ ಮುಗಿಸಲು ಪಶುವೈದ್ಯರಿಗೆ ಕಾನೂನಿನ ಅವಕಾಶವಿದೆ. ಆ ತೀರ್ಮಾನ ಮನೆಯವರದೋ ಸಂಸ್ಥೆಯದೋ, ಆ ದಿನ ಡಾಕ್ಟರು ಉಳವಿಗೇ ಬರುತ್ತಾರೋ ನಾಯಿಯನ್ನೇ ಒಯ್ಯಬೇಕೋ ಎಂಬುದನ್ನು ನಾಯಿ ಗಟ್ಟಿಯಾಗಿ ಓಡಾಡಿಕೊಂಡಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.