ಹೋಲ್‌ಸೇಲ್ ವ್ಯಾಪಾರಕ್ಕೆ ಆನ್‌ಲೈನ್ ಅಂಗಡಿ: ವೆಬ್‌ಸೈಟ್‌ಗಿಂತ ಮೊದಲು ಬಿಲ್, ಉದ್ದರಿ ಲೆಕ್ಕ ಸರಿಯಿರಲಿ

ವಿಜಯವಾಡದಿಂದ ಗನ್ನವರಂ ವಿಮಾನ ನಿಲ್ದಾಣದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 16ರಲ್ಲಿ ನಿಡಮಾನೂರು ಸಿಗುತ್ತದೆ. ವಾಲ್‌ಮಾರ್ಟ್ ಕಂಪನಿ 'ಬೆಸ್ಟ್ ಪ್ರೈಸ್' ಹೆಸರಿನ ಸಗಟು ಮಳಿಗೆ ತೆರೆದಿದ್ದು ಇಲ್ಲೇ. ಕಿರಾಣಿ ಅಂಗಡಿ, ಹೋಟೆಲ್, ಕಚೇರಿಗಳವರು ವ್ಯಾಪಾರದ ದಾಖಲೆ ತೋರಿಸಿ ಸದಸ್ಯರಾದರೆ ಮಾತ್ರ ಇಲ್ಲಿ ಖರೀದಿಗೆ ಅವಕಾಶವಿತ್ತು. 2020ರ ಜುಲೈನಲ್ಲಿ ಫ್ಲಿಪ್‌ಕಾರ್ಟ್ ಈ ವ್ಯವಹಾರವನ್ನು ಖರೀದಿಸಿ 'ಫ್ಲಿಪ್‌ಕಾರ್ಟ್ ಹೋಲ್‌ಸೇಲ್' ಆರಂಭಿಸಿತು. ಫ್ಲಿಪ್‌ಕಾರ್ಟ್‌ನಲ್ಲಿದ್ದ ಮೂವರು ಸೇರಿ ಬೆಂಗಳೂರಿನಲ್ಲಿ 'ಉಡಾನ್' ಕಟ್ಟಿದ್ದು ಅದಕ್ಕೂ ಮೊದಲು, 2016ರಲ್ಲಿ.

ಹೀಗೆ ಅಂಗಡಿಯವರ ಖರೀದಿ ಮೊಬೈಲ್‌ಗೆ ಬರುತ್ತಿದ್ದಂತೆ ಸಾಮಾನ್ಯ ಸಗಟು ವ್ಯಾಪಾರಿಯ ಮುಂದೆ ಒಂದು ಪ್ರಶ್ನೆ ನಿಂತಿದೆ. ವಿಜಯವಾಡದ ಗೊಲ್ಲಪುಡಿ ಹೋಲ್‌ಸೇಲ್ ಕಾಂಪ್ಲೆಕ್ಸ್‌ನಲ್ಲಿ, ವಿಶಾಖಪಟ್ಟಣದ ಪೂರ್ಣಾ ಮಾರ್ಕೆಟ್‌ನಲ್ಲಿ ಇರುವವರಿಗೂ, ಜೀನ್ಸ್‌ಗೆ ಹೆಸರಾದ ನಮ್ಮ ಬಳ್ಳಾರಿಯ ತಯಾರಕರಿಗೂ ಪ್ರಶ್ನೆ ಒಂದೇ: ಸ್ವಂತ ಆನ್‌ಲೈನ್ ಅಂಗಡಿ ತೆರೆಯಬಹುದೇ? ತೆರೆದರೆ ಏನೇನು ಸಿದ್ಧತೆ ಬೇಕು? ಇಲ್ಲಿದೆ ಮಾಹಿತಿ.

ದೊಡ್ಡವರಿಗೂ ಸುಲಭವಲ್ಲ

ದುಡ್ಡು ಮತ್ತು ತಂತ್ರಜ್ಞಾನ ಇದ್ದರೆ ಸಾಕು ಎನ್ನುವವರು ಕರ್ನಾಟಕದ ಉದಾಹರಣೆಯನ್ನೇ ನೋಡಬಹುದು. ಬೆಂಗಳೂರು, ಮೈಸೂರು ಮತ್ತು ಹುಬ್ಬಳ್ಳಿಯಲ್ಲಿ ಅಂಗಡಿಗಳಿಗೆ ಸರಕು ಪೂರೈಸುತ್ತಿದ್ದ ಸಗಟು ವಿತರಣಾ ಸೇವೆಯನ್ನು ನಿಲ್ಲಿಸುವುದಾಗಿ ಅಮೆಜಾನ್ 2022ರ ನವೆಂಬರ್‌ನಲ್ಲಿ ಪ್ರಕಟಿಸಿತು. ಜರ್ಮನಿಯ ಮೆಟ್ರೋ ಕಂಪನಿ 2003ರಲ್ಲಿ ಭಾರತದ ತನ್ನ ಮೊದಲ ಸಗಟು ಮಳಿಗೆ ತೆರೆದಿದ್ದು ಬೆಂಗಳೂರಿನಲ್ಲಿ. ಅದರ ಭಾರತದ ವ್ಯವಹಾರ 2023ರಲ್ಲಿ ರಿಲಯನ್ಸ್ ಪಾಲಾಯಿತು.

ಸಗಟು ವ್ಯಾಪಾರದಲ್ಲಿ ಲಾಭದ ಅಂಚು ತೆಳ್ಳಗಿರುತ್ತದೆ. ಸಾಗಣೆ, ಸರಕು ವಾಪಸ್, ಬಾಕಿ ವಸೂಲಿ ಈ ಮೂರರಲ್ಲಿ ಒಂದು ಕೈಕೊಟ್ಟರೂ ಅಂಚು ಕರಗಿಹೋಗುತ್ತದೆ. ಸಣ್ಣ ಸಗಟು ವ್ಯಾಪಾರಿಗೆ ಇರುವ ಬಲವೆಂದರೆ ಗ್ರಾಹಕರ ಪರಿಚಯ. ಯಾರು ಸಮಯಕ್ಕೆ ಸರಿಯಾಗಿ ಹಣ ಕೊಡುತ್ತಾರೆ, ಯಾರಿಗೆ ಯಾವ ಸರಕು ಓಡುತ್ತದೆ ಎಂಬುದು ಅವರಿಗೆ ಗೊತ್ತು. ಆನ್‌ಲೈನ್ ಅಂಗಡಿ ಈ ತಿಳಿವಳಿಕೆಯ ಮೇಲೆ ನಿಲ್ಲಬೇಕು.

ಚಿಲ್ಲರೆ ಮಾರಾಟದ ಸೈಟ್‌ಗಿಂತ ಏನು ಭಿನ್ನ?

ಚಿಲ್ಲರೆ ಸೈಟ್‌ನಲ್ಲಿ ಎಲ್ಲರಿಗೂ ಒಂದೇ ಬೆಲೆ. ಸಗಟಿನಲ್ಲಿ ಹಾಗಲ್ಲ. ಒಂದು ಬಂಡಲ್ ಕೊಳ್ಳುವವರಿಗೆ ಒಂದು ದರ, ಹತ್ತು ಬಂಡಲ್‌ಗೆ ಇನ್ನೊಂದು, ಹಳೇ ಗ್ರಾಹಕರಿಗೆ ಮತ್ತೊಂದು. ಈ ಬೆಲೆ ಬೀದಿಗೆ ಬಿದ್ದರೆ ಅಂಗಡಿಯವರು ತಮ್ಮ ಗಿರಾಕಿಗಳಿಗೆ ಉತ್ತರ ಹೇಳಬೇಕಾಗುತ್ತದೆ. ಹಾಗಾಗಿ ಸರಕಿನ ಚಿತ್ರ, ವಿವರ ಎಲ್ಲರಿಗೂ ಕಂಡರೂ ಬೆಲೆ ಮಾತ್ರ ಲಾಗಿನ್ ಆದ ಮೇಲೆ ಕಾಣುವಂತೆ ಇಡುವುದು ವಾಡಿಕೆ.

ಹೊಸಬರು ಖಾತೆ ತೆರೆಯಲು ಬಂದಾಗ ಅವರ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಉಚಿತವಾಗಿ ಹುಡುಕಿ ನೋಡಬಹುದು. ಹೆಸರು ಸರಿಯಿದೆಯೇ, ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ಪರಿಶೀಲನೆ ಮುಗಿದ ಮೇಲೆಯೇ ಖಾತೆಗೆ ಒಪ್ಪಿಗೆ ಕೊಡಬೇಕು. ಕನಿಷ್ಠ ಎಷ್ಟು ಸರಕು ಕೊಳ್ಳಬೇಕು, ಡಜನ್ ಲೆಕ್ಕವೋ ಪೆಟ್ಟಿಗೆ ಲೆಕ್ಕವೋ ಎಂಬುದೂ ಸೈಟ್‌ನಲ್ಲಿ ಸ್ಪಷ್ಟವಾಗಿರಬೇಕು.

29ರಿಂದ 37ಕ್ಕೆ: ತೆರಿಗೆ ಬದಲಾಗುತ್ತದೆ

ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ ಮತ್ತು ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿ ರಾಜ್ಯದ ಗುರುತು, ನಂತರದ ಹತ್ತು ಪ್ಯಾನ್ ಸಂಖ್ಯೆ. ಕರ್ನಾಟಕದ್ದು 29, ಆಂಧ್ರಪ್ರದೇಶದ್ದು 37.

ಗನ್ನವರಂನ ವ್ಯಾಪಾರಿ ವಿಶಾಖಪಟ್ಟಣದ ಅಂಗಡಿಗೆ ಸರಕು ಕಳಿಸಿದರೆ ರಾಜ್ಯ ಒಂದೇ. ಕೇಂದ್ರ ಮತ್ತು ರಾಜ್ಯ ಜಿಎಸ್‌ಟಿ ಸಮಪಾಲು ಹಾಕಬೇಕು. ಬಳ್ಳಾರಿಯಿಂದ ಗನ್ನವರಂಗೆ ಜೀನ್ಸ್ ಹೋದರೆ ಐಜಿಎಸ್‌ಟಿ ಹಾಕಬೇಕು. ಬಿಲ್ ಒಬ್ಬರ ಹೆಸರಿಗೆ, ಸರಕು ಇನ್ನೊಬ್ಬರ ವಿಳಾಸಕ್ಕೆ ಎಂದಾದರೆ ಲೆಕ್ಕ ಬದಲಾಗುವುದರಿಂದ ತೆರಿಗೆ ಸಲಹೆಗಾರರನ್ನು ಕೇಳುವುದು ಒಳ್ಳೆಯದು.

ವ್ಯಾಪಾರಿ ಗ್ರಾಹಕರಿಗೆ ಬಿಲ್ ಎಂದರೆ ಹಣವಿದ್ದಂತೆ. ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಅವರು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾರೆ. ಇದೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. ಮಾರಿದವರು ಜಿಎಸ್‌ಟಿ ಸಂಖ್ಯೆ ತಪ್ಪು ಬರೆದರೆ ಅಥವಾ ಜಿಎಸ್‌ಟಿಆರ್-1 ಸಲ್ಲಿಸದಿದ್ದರೆ ಆ ಬಿಲ್ ಕೊಂಡವರ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣುವುದಿಲ್ಲ. ಕ್ರೆಡಿಟ್ ಸಿಗದ ಅಂಗಡಿಯವರು ಮುಂದಿನ ಸಲ ಬೇರೆ ಕಡೆ ಹೋಗುತ್ತಾರೆ.

ಕಾಂಪೊಸಿಷನ್ ಯೋಜನೆಯಲ್ಲಿರುವವರು ಇನ್ನೂ ಎಚ್ಚರ ವಹಿಸಬೇಕು. ಅವರು ತೆರಿಗೆ ಬಿಲ್ ಕೊಡುವಂತಿಲ್ಲ, ಸರಕನ್ನು ಬೇರೆ ರಾಜ್ಯಕ್ಕೆ ಮಾರುವಂತಿಲ್ಲ. ಅಂಗಡಿಗಳಿಗೇ ಮಾರುವ ಉದ್ದೇಶವಿದ್ದರೆ ಸಾಮಾನ್ಯ ನೋಂದಣಿಯೇ ಸೂಕ್ತ.

ಸರಕು ಹೊರಡುವ ಮುನ್ನ ಇ-ವೇ ಬಿಲ್

50 ಸಾವಿರ ರೂಪಾಯಿಗಿಂತ ಹೆಚ್ಚಿನ ಸರಕು ರಾಜ್ಯದ ಗಡಿ ದಾಟುವಾಗ ಇ-ವೇ ಬಿಲ್ ಬೇಕು. 2018ರ ಏಪ್ರಿಲ್ 1ರಿಂದ ಈ ನಿಯಮವಿದೆ. ರಾಜ್ಯದೊಳಗಿನ ಸಾಗಣೆಗೂ ಅದೇ ದಿನ ಇದನ್ನು ಜಾರಿ ಮಾಡಿದ್ದು ಕರ್ನಾಟಕ. ಆಂಧ್ರದಲ್ಲಿ ಅದೇ ತಿಂಗಳ 15ರಿಂದ ಜಾರಿಯಾಯಿತು.

ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿ. ವಿಜಯವಾಡದಿಂದ ಸುಮಾರು 350 ಕಿ.ಮೀ. ದೂರದ ವಿಶಾಖಪಟ್ಟಣಕ್ಕೆ 2 ದಿನ ಸಿಗುತ್ತದೆ. ಬಳ್ಳಾರಿಯಿಂದ ವಿಜಯವಾಡಕ್ಕೆ 3 ದಿನ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರು 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕೂಡ ಮಾಡಬೇಕು. ಸೈಟ್‌ಗೆ ಬಂದ ಆರ್ಡರ್ ನೇರವಾಗಿ ಟ್ಯಾಲಿಯಂಥ ಲೆಕ್ಕದ ಸಾಫ್ಟ್‌ವೇರ್‌ಗೆ ಹೋಗುವಂತಿದ್ದರೆ ಈ ಕೆಲಸ ಹಗುರ. ಎರಡು ಕಡೆ ಕೈಯಲ್ಲಿ ಬರೆಯುವಾಗಲೇ ತಪ್ಪು ನುಸುಳುವುದು.

ಉದ್ದರಿ: ಲಾಭ ಸಿಕ್ಕಿಬೀಳುವ ಜಾಗ

ಸಗಟು ವ್ಯಾಪಾರ ಉದ್ದರಿ ಇಲ್ಲದೆ ನಡೆಯುವುದು ಕಷ್ಟ. ದಿನಕ್ಕೆ 50 ಸಾವಿರ ರೂಪಾಯಿಯ ಸರಕನ್ನು 30 ದಿನದ ಉದ್ದರಿಯಲ್ಲಿ ಕೊಟ್ಟರೆ ಸದಾ 15 ಲಕ್ಷ ರೂಪಾಯಿ ಹೊರಗೆ ಇರುತ್ತದೆ. ಅವಧಿ 45 ದಿನಕ್ಕೆ ಜಾರಿದರೆ ಅದು 22.5 ಲಕ್ಷ. ಮಾರಾಟ ಅಷ್ಟೇ ಇದ್ದರೂ ಏಳೂವರೆ ಲಕ್ಷ ರೂಪಾಯಿ ಹೆಚ್ಚಿಗೆ ಹೊಂದಿಸಬೇಕು.

ಪ್ರತಿ ಗ್ರಾಹಕರಿಗೂ ಉದ್ದರಿ ಮಿತಿ ಮತ್ತು ಗಡುವು ನಿಗದಿ ಮಾಡಿ, ಮಿತಿ ದಾಟಿದರೆ ಹೊಸ ಆರ್ಡರ್ ತಾನಾಗಿಯೇ ತಡೆಹಿಡಿಯುವಂತೆ ಸೈಟ್ ರೂಪಿಸಬೇಕು. ಮುಖ ನೋಡಿ 'ಇಲ್ಲ' ಎನ್ನಲಾಗದವರಿಗೆ ಇದು ದೊಡ್ಡ ಅನುಕೂಲ. ಹೊಸ ಗ್ರಾಹಕರಿಂದ ಮೊದಲ ಕೆಲವು ಆರ್ಡರ್‌ಗಳಿಗೆ ಮುಂಗಡ ಪಡೆಯುವುದು ಸುರಕ್ಷಿತ.

ಕಾನೂನಿನ ನೆರವೂ ಇದೆ. ಬಿಲ್ ದಿನದಿಂದ 180 ದಿನದೊಳಗೆ ಹಣ ಕೊಡದಿದ್ದರೆ ಕೊಂಡವರು ಪಡೆದ ಜಿಎಸ್‌ಟಿ ಕ್ರೆಡಿಟ್ ಹಿಂತಿರುಗಿಸಬೇಕು. ಉದ್ಯಮ್ ನೋಂದಣಿ ಇರುವ ಅತಿಸಣ್ಣ ಮತ್ತು ಸಣ್ಣ ತಯಾರಕರಿಗೆ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಹೆಚ್ಚೆಂದರೆ 45 ದಿನದಲ್ಲಿ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ ಹಣ ಸಿಗಬೇಕು. ಆದರೆ ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಇಲ್ಲ. 2021ರಲ್ಲಿ ಅವರಿಗೂ ಉದ್ಯಮ್ ನೋಂದಣಿ ತೆರೆದರೂ ಅದರ ಲಾಭ ಬ್ಯಾಂಕ್ ಸಾಲದ ಆದ್ಯತೆಗೆ ಸೀಮಿತ. ಅಂದರೆ ಬಳ್ಳಾರಿಯ ಜೀನ್ಸ್ ತಯಾರಕರು 45 ದಿನದ ನಿಯಮ ಮುಂದಿಡಬಹುದು. ಅದೇ ಜೀನ್ಸ್ ಕೊಂಡು ವಿಜಯವಾಡದಲ್ಲಿ ಸಗಟಾಗಿ ಮಾರುವವರು ತಮ್ಮ ಉದ್ದರಿ ಶಿಸ್ತನ್ನೇ ನಂಬಬೇಕು.

ಶುರು ಮಾಡುವುದು ಹೇಗೆ?

* ಎಲ್ಲ ಸರಕನ್ನೂ ಒಮ್ಮೆಲೇ ಹಾಕುವ ಬದಲು ಹೆಚ್ಚು ಓಡುವ ಕೆಲವನ್ನು ಮಾತ್ರ ಹಾಕಿ, ನಂಬಿಕೆಯ ಹಳೇ ಗ್ರಾಹಕರಿಂದ ಆರ್ಡರ್ ಪಡೆಯುವುದು.
* ಗೋದಾಮಿನ ದಾಸ್ತಾನು ಮತ್ತು ಸೈಟ್‌ನ ದಾಸ್ತಾನು ದಿನವೂ ತಾಳೆ ನೋಡುವುದು.
* ಆಂಧ್ರದ ಗ್ರಾಹಕರಿದ್ದರೆ ಸರಕಿನ ಹೆಸರು, ವಿವರ ತೆಲುಗಿನಲ್ಲೂ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಆರ್ಡರ್ ಕೂಡ ಸೈಟ್‌ನಲ್ಲೇ ದಾಖಲಾಗಲಿ.
* ಸರಕು ವಾಪಸ್, ಒಡೆದ ಮಾಲು, ಲಾರಿ ಬಾಡಿಗೆ ಯಾರ ಹೊಣೆ ಎಂಬುದನ್ನು ಮೊದಲೇ ಬರೆದಿಡುವುದು.
* ಒಬ್ಬ ಗ್ರಾಹಕರಿಂದ ದಿನಕ್ಕೆ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ದೊಡ್ಡ ಮೊತ್ತಕ್ಕೆ ನೆಫ್ಟ್, ಆರ್‌ಟಿಜಿಎಸ್ ದಿನದ 24 ಗಂಟೆಯೂ ಲಭ್ಯ.
* ಆಹಾರ ಪದಾರ್ಥ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಕಡ್ಡಾಯ.

ಸ್ವಂತ ಸೈಟ್‌ನಲ್ಲಿ ತಮ್ಮದೇ ಸರಕು ಮಾರುವವರಿಗೆ ಇನ್ನೊಂದು ಅನುಕೂಲವಿದೆ. ಬೇರೆ ಕಂಪನಿಯ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಿದರೆ ಜಿಎಸ್‌ಟಿ ನಿಯಮದಂತೆ ಶೇ.0.5 ಟಿಸಿಎಸ್ ಹಿಡಿಯುತ್ತಾರೆ; ಸ್ವಂತ ಸೈಟ್‌ಗೆ ಅದು ಅನ್ವಯಿಸುವುದಿಲ್ಲ. ಗ್ರಾಹಕರ ಪಟ್ಟಿಯೂ ಕೈಯಲ್ಲೇ ಉಳಿಯುತ್ತದೆ. ಒಂದೆರಡು ತಿಂಗಳು ಬಿಲ್‌ಗಳು ತಪ್ಪಿಲ್ಲದೆ ಹೋಗಿ, ಉದ್ದರಿ ಗಡುವಿನೊಳಗೆ ವಾಪಸ್ ಬಂದರೆ ಹೊಸ ಊರಿನ ಆರ್ಡರ್ ತೆಗೆದುಕೊಳ್ಳಲು ಅದೇ ಸರಿಯಾದ ಸಮಯ.