ಪಲ್ಪರ್ ನೀರಿನಿಂದ ವಿದ್ಯುತ್ತು: ನಡುವಿನ ಪೊರೆಯ ವಿಚಾರ



ಜೀವಾಮೃತಕ್ಕೆ ಬೇಕಾದ ಬೆಲ್ಲ ಕೊಳ್ಳಲು ನಾವು ಕಳೆದ ವರ್ಷ ಮುಧೋಳದ ಕಡೆಗೆ ಹೋಗಿದ್ದೆವು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಆ ಸೀಮೆಯಲ್ಲಿ ಕಬ್ಬೇ ಪ್ರಧಾನ ಬೆಳೆ. ಸಕ್ಕರೆ ಕಾರ್ಖಾನೆಯ ನೀರಾಗಲಿ, ನೇಕಾರರು ನೂಲಿಗೆ ಬಣ್ಣ ಹಾಕಿದ ನೀರಾಗಲಿ, ಶುದ್ಧಿಯಾಗದೆ ಕೃಷ್ಣೆಯನ್ನೋ ಘಟಪ್ರಭೆಯನ್ನೋ ಸೇರಬಾರದು. ನಮ್ಮ ಪಲ್ಪರ್ ನೀರಿನ ಪಾಡೂ ಅದೇ. ಅಲ್ಲಿಯ ರೈತರೊಬ್ಬರು, "ಹೊಲಸ ನೀರಿನಿಂದ ಕರೆಂಟ್ ತಗೀತಾರಂತಲ್ರೀ, ಖರೇ ಏನ್ರೀ?" ಎಂದು ಕೇಳಿದರು. ನಮ್ಮ ಸದಸ್ಯರಲ್ಲಿಯೂ ಕೆಲವರು ಇದನ್ನೇ ಕೇಳಿರುವುದರಿಂದ ಈ ಲೇಖನ.

ಮಾತು ನಿಜ. 1911ರಲ್ಲಿಯೇ ಇಂಗ್ಲೆಂಡಿನಲ್ಲಿ ಪಾಟರ್ ಎಂಬ ಸಸ್ಯಶಾಸ್ತ್ರಜ್ಞರು ಸೂಕ್ಷ್ಮಾಣುಗಳಿಂದ ವಿದ್ಯುತ್ತು ಪಡೆದಿದ್ದರು. ಈ ಸಾಧನಕ್ಕೆ ಸೂಕ್ಷ್ಮಾಣು ಇಂಧನಕೋಶವೆಂದು ಹೆಸರು. ಇದರಲ್ಲಿ ಎರಡು ಕೋಣೆಗಳು. ಗಾಳಿಯಾಡದ ಕೋಣೆಯಲ್ಲಿ ಕೊಳೆನೀರು ಮತ್ತು ಇಂಗಾಲದ ಒಂದು ಹಲಗೆ. ನೀರಿನಲ್ಲಿರುವ ಸಕ್ಕರೆ, ಲೋಳೆ ಮುಂತಾದುವನ್ನು ತಿಂದ ಸೂಕ್ಷ್ಮಾಣುಗಳು ಎಲೆಕ್ಟ್ರಾನುಗಳನ್ನು ಆ ಹಲಗೆಗೆ ಒಪ್ಪಿಸುತ್ತವೆ. ಅವು ತಂತಿಯ ಮೂಲಕ ಎರಡನೆಯ ಕೋಣೆಗೆ ಹರಿಯುವುದೇ ವಿದ್ಯುತ್ತು. ಜೊತೆಯಲ್ಲೇ ಹುಟ್ಟಿದ ಪ್ರೋಟಾನುಗಳು ನಡುವಿನ ಪೊರೆಯನ್ನು ದಾಟಿ ಹೋಗಿ, ಅಲ್ಲಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತವೆ.

ಪೊರೆಯ ಕೆಲಸ ಕಾವಲುಗಾರನದು. ಪ್ರೋಟಾನನ್ನು ಬಿಡಬೇಕು, ಆಮ್ಲಜನಕವನ್ನು ತಡೆಯಬೇಕು. 2004ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪೊರೆಯನ್ನೇ ತೆಗೆದು ನೋಡಿದರು. ವಿದ್ಯುತ್ತೇನೋ ಹೆಚ್ಚಿತು. ಆದರೆ ಆಮ್ಲಜನಕ ಒಳನುಗ್ಗಿದ್ದರಿಂದ, ಆಹಾರದಲ್ಲಿದ್ದ ಎಲೆಕ್ಟ್ರಾನುಗಳಲ್ಲಿ ತಂತಿಗೆ ಸಿಕ್ಕ ಪಾಲು ನೂರಕ್ಕೆ 40-55ರಿಂದ 9-12ಕ್ಕೆ ಇಳಿಯಿತು.

ಪ್ರಯೋಗಶಾಲೆಗಳಲ್ಲಿ ಹೆಚ್ಚಾಗಿ ಬಳಸುವುದು ನೇಫಿಯಾನ್ ಎಂಬ ಪ್ಲಾಸ್ಟಿಕ್ ಜಾತಿಯ ಪೊರೆ. ಅದು ದುಬಾರಿ. ಮೇಲಾಗಿ ಕೊಳೆನೀರಿನಲ್ಲಿ ಪ್ರೋಟಾನುಗಳಿಗಿಂತ ಸೋಡಿಯಂ, ಪೊಟ್ಯಾಸಿಯಂಗಳೇ ಬಹಳ ಪಾಲು ಹೆಚ್ಚಾಗಿರುವುದರಿಂದ ದಾರಿಯನ್ನು ಅವೇ ಹಿಡಿದುಬಿಡುತ್ತವೆ. ಪ್ರೋಟಾನುಗಳು ಹಿಂದುಳಿದು ನೀರು ಹುಳಿಯಾಗುತ್ತದೆ, ಸೂಕ್ಷ್ಮಾಣುಗಳು ಸೊರಗುತ್ತವೆ. ದಿನ ಕಳೆದಂತೆ ಪೊರೆಗೆ ಪಾಚಿಯಂತಹ ಲೋಳೆಯೂ ಕಟ್ಟುತ್ತದೆ.

ಇದಕ್ಕೆ ಖರಗ್‌ಪುರದ ಐ.ಐ.ಟಿ.ಯವರು ಕಂಡುಕೊಂಡ ಉಪಾಯ ನಮ್ಮ ಕುಂಬಾರನ ಮಡಕೆ! 2010ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಅಕ್ಕಿ ಗಿರಣಿಯ ನೀರನ್ನು ಹಾಕಿದಾಗ ಮಣ್ಣಿನ ಮಡಕೆಯ ಕೋಶ ದುಬಾರಿ ಪೊರೆಯ ಕೋಶಕ್ಕಿಂತ ಹೆಚ್ಚು ವಿದ್ಯುತ್ತು ಕೊಟ್ಟಿತು. ಮಡಕೆಯ ಗೋಡೆಯ ಸಣ್ಣ ರಂಧ್ರಗಳಲ್ಲಿ ನಿಂತ ನೀರೇ ಅಲ್ಲಿ ದಾರಿ. ಗಮನಿಸಬೇಕಾದ ಅಂಶವೆಂದರೆ, ನೀರಿನ ಹುಳಿ ಕಳೆದು ತುಸು ಕ್ಷಾರವಾಗಿದ್ದಾಗ ಫಲ ಚೆನ್ನಾಗಿತ್ತು.

ಹಾಗೆಂದು ಈಗಲೇ ಯಾರೂ ಹಣ ಹೂಡಬೇಕಾಗಿಲ್ಲ. ಒಂದು ಕೋಶದಿಂದ ಸಿಗುವುದು ಹೆಚ್ಚೆಂದರೆ ಅರ್ಧ ವೋಲ್ಟಿನ ಆಸುಪಾಸು. ಇಪ್ಪತ್ತು ಮಡಕೆ ಜೋಡಿಸಿದರೂ ಪಲ್ಪರಿನ ಮೋಟಾರು ತಿರುಗದು. ಇದರ ನಿಜವಾದ ಲಾಭ ನೀರು ಶುದ್ಧಿಯಾಗುವುದು. ವಿದ್ಯುತ್ತು ಮೇಲಿನ ಕೊಸರು. ಇಂಧನವೇ ಬೇಕಾದವರಿಗೆ ಗೋಬರ್ ಗ್ಯಾಸಿನಂತಹ ಜೈವಿಕ ಅನಿಲದ ದಾರಿ ಇದ್ದೇ ಇದೆ.

ಹೋದ ಕೊಯ್ಲಿನಲ್ಲಿ ನಮ್ಮದೇ ತೋಟದ ಗುಂಡಿಯ ಕಟ್ಟೆ ಒಡೆದು ಪಲ್ಪರ್ ನೀರು ಹಳ್ಳಕ್ಕೆ ಹೋಯಿತು. ಕೆಳಗಿನ ಮನೆಯವರ ದನಗಳು ಎರಡು ದಿನ ಆ ನೀರನ್ನು ಮೂಸಿ ಹಿಂದಿರುಗಿದುವು. ನಮಗೆ ತಲೆ ಎತ್ತಲಾಗಲಿಲ್ಲ. ಆದುದರಿಂದ ಹೊಸ ಯಂತ್ರಕ್ಕಾಗಿ ಕಾಯದೆ, ಪಲ್ಪಿಂಗಿಗೆ ಮೊದಲೇ ಕಟ್ಟೆ ಭದ್ರಪಡಿಸಿಕೊಳ್ಳಿ. ನೀರಿಗೆ ಸುಣ್ಣ ಬೆರೆಸಿ ಹುಳಿ ಕಳೆಯಿರಿ. ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಯಿಸಿ, ಆಮೇಲೆ ಗಾಳಿಯಾಡುವ ಕೊಳಕ್ಕೆ ಬಿಡಿ. ಮುಂದೆ ಮಡಕೆಯ ಕೋಶ ತೋಟಕ್ಕೆ ಬಂದರೂ ಈ ಸುಣ್ಣದ ಕೆಲಸ ತಪ್ಪುವುದಿಲ್ಲ.