ಹಾವಿನ ಮೊಟ್ಟೆಗಳ ಕೃತಕ ಕಾವು

ಹಾವಿನ ಮೊಟ್ಟೆಗಳನ್ನು ನಿಯಂತ್ರಿತ ಉಷ್ಣತೆ ಹಾಗೂ ತೇವಾಂಶದಲ್ಲಿರಿಸಿ ಮರಿ ಮಾಡಿಸುವ ಕ್ರಮವೇ ಕೃತಕ ಕಾವು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಕಂಡುಬರುವ ನಾಗರಹಾವು ಹಾಗೂ ಕೇರೆಹಾವು ಮೊಟ್ಟೆಯಿಡುತ್ತವೆ. ಕೊಳಕುಮಂಡಲ ಮರಿ ಹಾಕುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇವುಗಳನ್ನು ಸಾಕುವಂತಿಲ್ಲ. ಆದುದರಿಂದ ಮನೆ, ಹೊಲಗಳಲ್ಲಿ ಮೊಟ್ಟೆಗಳು ಕಂಡುಬಂದರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಕಾವುಪೆಟ್ಟಿಗೆಯ ಆಯ್ಕೆ

ಕೋಳಿಮೊಟ್ಟೆಗಳ ಕಾವುಯಂತ್ರವು ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಶಾಖ ನೀಡುತ್ತದೆ. ಮೊಟ್ಟೆಗಳನ್ನು ಆಗಾಗ ಹೊರಳಿಸುತ್ತದೆ. ಹಾವಿನ ಮೊಟ್ಟೆಗಳಿಗೆ ಇವೆರಡೂ ಅಪಾಯಕರ. ಭ್ರೂಣವು ಮೊಟ್ಟೆಯ ಒಳಮೈಗೆ ಅಂಟಿ ಬೆಳೆಯುವುದರಿಂದ, ಹೊರಳಿಸಿದರೆ ಸಾಯಬಹುದು. ಹೊರಳಿಸುವ ವ್ಯವಸ್ಥೆಯಿಲ್ಲದೆ, ಥರ್ಮೋಸ್ಟಾಟ್ ಮೂಲಕ ಸುಮಾರು 28–30 ಡಿಗ್ರಿ ಉಷ್ಣತೆಯನ್ನು ಸ್ಥಿರವಾಗಿಡುವ ಪೆಟ್ಟಿಗೆಯೇ ಸೂಕ್ತ. ತೇವಕ್ಕಾಗಿ ಒದ್ದೆ ಮಾಡಿ ಹಿಂಡಿದ ತೆಂಗಿನ ನಾರಿನ ಪುಡಿಯನ್ನು ಹಾಸಬಹುದು. ನಾಗರಹಾವಿನ ಮರಿಗಳು ಸುಮಾರು ಎರಡು ತಿಂಗಳಲ್ಲಿ ಹೊರಬರುತ್ತವೆ; ಅವು ಹುಟ್ಟಿನಿಂದಲೇ ವಿಷಪೂರಿತ.